ಥೈರಾಯ್ಡ್ ರಕ್ತ ತೆಗೆಯುವ ಮೊದಲು ಕೇಳಬೇಕಾದ ಮಾತು

ಶ್ರಾವ್ಯಾ, ನಿಶಾಂತ್,

ನಿಮ್ಮ ಅಜ್ಜಿ ಹೆಚ್ಚು ಮಾತನಾಡುವವಳಲ್ಲ ಎಂದು ನಿಮಗೆ ಗೊತ್ತು. ಮನೆಗೆ ನಾಲ್ಕು ಜನ ಬಂದರೆ ನಾನು ಅಡುಗೆಮನೆ ಸೇರುತ್ತೇನೆ. ಶ್ರಾವ್ಯಾ, ನೀನು ಲ್ಯಾಬ್ ಕೆಲಸಕ್ಕೆ ಸೇರಿದ ದಿನ ಸಂಜೆ ಬಂದು ಬ್ಯಾಗು ಕೆಳಗಿಡುವ ಮೊದಲೇ, "ಅಜ್ಜಿ, ಇಡೀ ದಿನ ಥೈರಾಯ್ಡ್, ಥೈರಾಯ್ಡ್! ನೀವು ಇಷ್ಟು ವರ್ಷ ಇದನ್ನೇ ಮಾಡಿದ್ದಾ?" ಎಂದು ಕೇಳಿದೆ. ನಾನು "ಹೌದು" ಎಂದಷ್ಟೇ ಹೇಳಿ ಚಾ ಮಾಡಲು ಎದ್ದೆ. ಆಮೇಲೆ ನನಗೇ ಬೇಸರವಾಯಿತು. ಬಾಯಲ್ಲಿ ಬಾರದ್ದು ಕೈಯಲ್ಲಾದರೂ ಬರಬಹುದು ಎಂದು ಈಗ ಬರೆಯಲು ಕೂತಿದ್ದೇನೆ. ನಿಶಾಂತ್, ಇದು ಅಕ್ಕನಿಗೆ ಮಾತ್ರ ಎಂದು ನೀನು ಪಕ್ಕಕ್ಕಿಡಬೇಡ. ಕೊನೆಯಲ್ಲಿ ನಿನಗೂ ಒಂದು ಮಾತು ಇದೆ.

ನಾನು ಓದಿದ್ದು ಮೂಲ್ಕಿಯಿಂದ ಒಳಗಿನ ಹಳ್ಳಿ ಶಾಲೆಯಲ್ಲಿ, ಕನ್ನಡದಲ್ಲಿ. ಮನೆಯ ಮಾತು ತುಳು. ಹತ್ತನೆಯ ತರಗತಿ ಮುಗಿಸಿ ಲ್ಯಾಬ್ ತರಬೇತಿ ಮಾಡಿದೆ. ಮದುವೆಯಾಗಿ ಮಂಗಳೂರಿಗೆ ಬಂದು ಉರ್ವದ ಒಂದು ಸಣ್ಣ ಲ್ಯಾಬಿಗೆ ಸೇರಿದೆ. ನಿಮ್ಮ ಅಜ್ಜ ಹಂಚಿನ ಕಾರ್ಖಾನೆಯಲ್ಲಿದ್ದರು. ಅವರು ತೀರಿಕೊಂಡ ಮೇಲೂ ನನಗೆ ಅದೇ ಲ್ಯಾಬು, ಅದೇ ಕಿಟಕಿ ಪಕ್ಕದ ಕುರ್ಚಿ. ಯಾವಾಗ ಸೀನಿಯರ್ ಆದೆ, ಯಾರು ಶಾಲು ಹೊದಿಸಿದರು ಎನ್ನುವುದೆಲ್ಲ ಬರೆಯುವಂಥದ್ದಲ್ಲ.

ನಾನು ಸೇರಿದ ಕಾಲದಲ್ಲಿ ಥೈರಾಯ್ಡ್ ಪರೀಕ್ಷೆ ನಮ್ಮಲ್ಲಿ ಆಗುತ್ತಿರಲಿಲ್ಲ. ರಕ್ತ ತೆಗೆದು, ಯಂತ್ರದಲ್ಲಿ ತಿರುಗಿಸಿ, ಮೇಲೆ ನಿಂತ ಹಳದಿ ನೀರನ್ನು ಬೇರೆ ಕೊಳವೆಗೆ ಹಾಕಿ, ಮಂಜುಗಡ್ಡೆಯ ಡಬ್ಬದಲ್ಲಿಟ್ಟು ಮುಂಬೈಗೆ ಕಳುಹಿಸುತ್ತಿದ್ದೆವು. ಉತ್ತರ ಬರುವಷ್ಟರಲ್ಲಿ ರೋಗಿಗೆ ಪರೀಕ್ಷೆ ಮಾಡಿಸಿದ್ದೇ ಮರೆತಿರುತ್ತಿತ್ತು. ಆಮೇಲೆ ನಮ್ಮಲ್ಲೇ ಸಣ್ಣ ಗುಂಡಿಗಳ ತಟ್ಟೆ ಬಂತು. ಒಂದೊಂದು ಗುಂಡಿಗೂ ಕೈಯಿಂದ ಹನಿ ಹಾಕಬೇಕು. ಒಂದು ಸೀನು ಬಂದರೆ ಎಲ್ಲಿಗೆ ಹಾಕಿದೆ, ಎಲ್ಲಿಗೆ ಬಿಟ್ಟೆ ಎಂದು ತಿಳಿಯದೆ ಮತ್ತೆ ಮೊದಲಿನಿಂದ ಶುರು. ಈಗ ನಿನ್ನ ಲ್ಯಾಬಿನಲ್ಲಿರುವ ದೊಡ್ಡ ಯಂತ್ರ ಬಂದ ದಿನ ನಾವು ಅದಕ್ಕೆ ಮಲ್ಲಿಗೆ ಹಾಕಿ ಕೈ ಮುಗಿದಿದ್ದೆವು. ಇನ್ನು ತಪ್ಪಿಗೆ ಜಾಗವೇ ಇಲ್ಲ ಎಂದುಕೊಂಡಿದ್ದೆವು.

ನಮ್ಮ ರಿಪೋರ್ಟುಗಳಿಗೆ ಸಹಿ ಹಾಕುತ್ತಿದ್ದವರು ಲ್ಯಾಬಿನ ಡಾಕ್ಟರು ಲೀನಾ ಮೇಡಂ. ಮನೆಯಲ್ಲಿ ಕೊಂಕಣಿ, ಉರ್ವ ಮಾರ್ಕೆಟಿನಲ್ಲಿ ಮೀನಿನವರ ಹತ್ತಿರ ತುಳು, ನಮ್ಮ ಹತ್ತಿರ ಕನ್ನಡ. ಗದರುವುದು ಮಾತ್ರ ಮೂರರಲ್ಲೂ. ಅವರಿಗೆ ಒಂದು ಅಭ್ಯಾಸವಿತ್ತು. ನಂಬರು ವಿಚಿತ್ರವಾಗಿ ಬಂದರೆ ನನ್ನನ್ನು ಕರೆದು, "ಸುಗಂಧಿ, ಇವರ ಕೈ ಹೇಗಿತ್ತು?" ಎಂದು ಕೇಳುತ್ತಿದ್ದರು. ಮೊದಮೊದಲು ನನಗೆ ಅರ್ಥವಾಗಲಿಲ್ಲ. "ರೋಗಿಯನ್ನು ನಾನು ನೋಡುದಿಲ್ಲ, ಕಾಗದ ನೋಡುದು. ಮುಟ್ಟಿದ್ದು ನೀವಲ್ವಾ? ಬಿಸಿ ಇತ್ತಾ, ತಣ್ಣಗಾ, ಬೆವರಿತ್ತಾ, ಅಷ್ಟು ಹೇಳಿ ಸಾಕು" ಎಂದು ಅವರೇ ಕಲಿಸಿದರು. ಥೈರಾಯ್ಡ್ ಹೆಚ್ಚಾದವರ ಕೈ ಬೆಚ್ಚಗೆ, ಒದ್ದೆಯಾಗಿ ಇರುತ್ತದೆ; ಬೆರಳು ಸಣ್ಣಗೆ ನಡುಗುತ್ತದೆ. ಕಡಿಮೆಯಾದವರ ಕೈ ತಣ್ಣಗೆ, ಒರಟು; ನರ ಹುಡುಕಲು ನಾವು ಉಜ್ಜಿ ಬಿಸಿ ಮಾಡಬೇಕು.

ಈ ಪರೀಕ್ಷೆಗಳು ಏನು ಹೇಳುತ್ತವೆ ಎಂದು ಅವರು ನನಗೆ ಚಿತ್ರ ಬಿಡಿಸಿ ಹೇಳಿದ್ದರು. ಕೊನೆಗೆ, "ಈಗ ನೀವು ನಿಮ್ಮ ಮಾತಲ್ಲಿ ಹೇಳಿ ನೋಡುವ" ಎಂದರು. ನಾಳೆ ಹೇಳುತ್ತೇನೆ ಎಂದು ತಪ್ಪಿಸಿಕೊಂಡೆ. ಮರುದಿನ ಸಿಟಿ ಬಸ್ಸಿನಲ್ಲಿ ಬರುವಾಗ ಹೊಳೆಯಿತು. ಅದನ್ನೇ ನಿನಗೂ ಹೇಳುತ್ತೇನೆ.

ಥೈರಾಯ್ಡ್ ಗ್ರಂಥಿ ಬಸ್ಸಿನ ಡ್ರೈವರ್ ಎಂದುಕೊ. ತಲೆಯಲ್ಲಿರುವ ಇನ್ನೊಂದು ಸಣ್ಣ ಗ್ರಂಥಿ ಕಂಡಕ್ಟರ್. ಬಸ್ಸು ಓಡುವ ವೇಗ ಟಿ-ಫೋರ್, ಥೈರಾಯ್ಡ್ ರಕ್ತಕ್ಕೆ ಬಿಡುವ ಹಾರ್ಮೋನು. ಕಂಡಕ್ಟರನ ಶಿಳ್ಳೆ ಟಿಎಸ್‌ಎಚ್. ಹಿಂದಿನ ಬಸ್ಸು ಹತ್ತಿರ ಬರುತ್ತಿದ್ದರೂ ಡ್ರೈವರ್ ನಿಧಾನ ಮಾಡಿದರೆ ಕಂಡಕ್ಟರ್ ಬಿಡದೆ ಶಿಳ್ಳೆ ಹೊಡೆಯುತ್ತಾನೆ. ಹಾಗಾಗಿ ಟಿಎಸ್‌ಎಚ್ ಜಾಸ್ತಿ ಎಂದರೆ ಥೈರಾಯ್ಡ್ ಕೆಲಸ ಕಡಿಮೆ ಎಂದು ಅರ್ಥ. ಬಸ್ಸು ಹಾರಿಕೊಂಡು ಹೋಗುತ್ತಿದ್ದರೆ ಅವನು ಶಿಳ್ಳೆಯನ್ನು ಕಿಸೆಗೆ ಹಾಕಿ ಕಂಬ ಹಿಡಿದು ನಿಲ್ಲುತ್ತಾನೆ. ಆಗ ಟಿಎಸ್‌ಎಚ್ ಇಲ್ಲವೆನ್ನುವಷ್ಟು ಕಡಿಮೆ.

ಇನ್ನು ಆಂಟಿಬಾಡಿ. ನಮ್ಮನ್ನು ಕಾಯಬೇಕಾದ ಶಕ್ತಿಯೇ ನಮ್ಮ ಗ್ರಂಥಿಯನ್ನು ಹೊರಗಿನದೆಂದು ತಿಳಿದು ಅದರ ಮೇಲೆ ಬೀಳುವ ಕಾಯಿಲೆ ಇದು. ಬಸ್ಸಿನೊಳಗಿನವರೇ ಡ್ರೈವರನ ಕಾಲರ್ ಹಿಡಿದ ಹಾಗೆ. ಆಂಟಿ-ಟಿಪಿಒ ಎಂಬ ಪರೀಕ್ಷೆ ಅಲ್ಲಿ ಅಂಥ ಜಗಳ ಇದೆಯೇ ಎಂದು ತೋರಿಸುತ್ತದೆ. ಬಸ್ಸು ಎಷ್ಟು ನಿಧಾನವಾಗಿದೆ ಎಂದು ಅದು ಹೇಳುವುದಿಲ್ಲ. ಅದಕ್ಕೆ ಶಿಳ್ಳೆಯನ್ನೇ ಕೇಳಬೇಕು. ರಿಸೆಪ್ಟರ್ ಆಂಟಿಬಾಡಿ ಎಂಬುದು ಇನ್ನೊಂದು. ಅದು ಫುಟ್‌ಬೋರ್ಡಿನಲ್ಲಿ ನಿಂತ ಯಾರೋ ಕಂಡಕ್ಟರನ ಹಾಗೆಯೇ ಶಿಳ್ಳೆ ಹೊಡೆದಂತೆ. ಡ್ರೈವರ್ ಪಾಪ, ನಿಜವೆಂದು ನಂಬಿ ಓಡಿಸುತ್ತಾನೆ. ಥೈರಾಯ್ಡ್ ಮಿತಿಮೀರಿ ಹೆಚ್ಚುವ ಕಾಯಿಲೆಯಲ್ಲಿ ಸಾಮಾನ್ಯವಾಗಿ ಆಗುವುದು ಇದು. ಇದನ್ನು ಹೇಳಿದಾಗ ಲೀನಾ ಮೇಡಂ ಕನ್ನಡಕ ತೆಗೆದು ನಕ್ಕು, "ಅಯ್ಯೋ ದೇವರೇ, ಇನ್ನು ನಾನು ಬಸ್ಸಲ್ಲಿ ಹೋದರೂ ಥೈರಾಯ್ಡೇ ಕಾಣುದು" ಎಂದರು.

ಜನರಿಗೆ ಆಂಟಿಬಾಡಿಯ ನಂಬರಿನ ಮೇಲೆ ಬಹಳ ಮೋಹ. ಸುರತ್ಕಲ್‌ನಿಂದ ನಿವೃತ್ತ ಮೇಷ್ಟ್ರೊಬ್ಬರು ತಿಂಗಳು ತಿಂಗಳೂ ಆಂಟಿ-ಟಿಪಿಒ ಮಾಡಿಸಿ, ಗ್ರಾಫ್ ಕಾಗದದಲ್ಲಿ ಚುಕ್ಕೆ ಇಟ್ಟು ಲೀನಾ ಮೇಡಂಗೆ ತಂದು ತೋರಿಸುತ್ತಿದ್ದರು.

"ಈ ಸಲ ಇಳಿದಿದೆ ನೋಡಿ ಡಾಕ್ಟ್ರೇ. ನುಗ್ಗೆಸೊಪ್ಪಿನದ್ದೇ ಕೆಲಸ."

"ಮಾಷ್ಟ್ರೇ, ಒಳಗೆ ಜಗಳ ಉಂಟು ಅಂತ ಒಮ್ಮೆ ಗೊತ್ತಾಯ್ತಲ್ಲ? ಮತ್ತೆ ದಿನಾ ಬಾಗಿಲಲ್ಲಿ ನಿಂತು ಬೈಗುಳ ಲೆಕ್ಕ ಮಾಡುದು ಎಂತಕ್ಕೆ?"

"ಹಾಗಾದ್ರೆ ನನ್ನ ಗ್ರಾಫು?"

"ಗ್ರಾಫ್ ಚಂದ ಉಂಟು. ಟಿಎಸ್‌ಎಚ್‌ದು ಮಾಡಿ. ಅದಾದ್ರೆ ನಿಮ್ಮ ಡಾಕ್ಟ್ರಿಗೆ ಉಪಯೋಗಕ್ಕೆ ಬರ್ತದೆ."

ಮೇಷ್ಟ್ರು ಸ್ವಲ್ಪ ಮುನಿಸಿಕೊಂಡರು. ಆದರೆ ಮುಂದಿನ ಸಲ ಹೊಸ ಗ್ರಾಫಿನೊಂದಿಗೆ ಬಂದರು.

ಈಗ ನಾನು ನಿಜವಾಗಿ ಬರೆಯಬೇಕೆಂದಿರುವುದು ವಿನಯಾಳ ವಿಷಯ.

ವಿನಯಾ ಕಾಟಿಪಳ್ಳದ ಹುಡುಗಿ. ಗಂಡ ಪ್ರವೀಣ ಮಸ್ಕತ್‌ನಲ್ಲಿ, ವರ್ಷಕ್ಕೊಮ್ಮೆ ಒಂದು ತಿಂಗಳ ರಜೆ. ಎರಡು ಸಲ ಗರ್ಭ ನಿಂತು ಎರಡು ಸಲವೂ ಮೂರು ತಿಂಗಳೊಳಗೆ ಹೋಗಿತ್ತು. ಎರಡನೆಯದು ಹೋದ ಮೇಲೆ ಡಾಕ್ಟರು ಥೈರಾಯ್ಡ್ ಪರೀಕ್ಷೆಗೆ ಕಳುಹಿಸಿದರು. ಆಂಟಿ-ಟಿಪಿಒ ತುಂಬ ಹೆಚ್ಚು, ಟಿಎಸ್‌ಎಚ್ ಕೂಡ ಹೆಚ್ಚು. ಡಾಕ್ಟರು ಥೈರಾಯ್ಡ್ ಮಾತ್ರೆ ಶುರು ಮಾಡಿ, ಟಿಎಸ್‌ಎಚ್ ಹದಕ್ಕೆ ಬಂದ ಮೇಲೆಯೇ ಮಗುವಿನ ಯೋಚನೆ ಎಂದಿದ್ದರು. ಹಾಗಾಗಿ ಅವಳು ಸುರತ್ಕಲ್‌ಗೆ ಬಂದು, ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು ಕೆಲವು ವಾರಗಳಿಗೊಮ್ಮೆ ನನ್ನ ಕುರ್ಚಿಯ ಮುಂದೆ ಕೂರುತ್ತಿದ್ದಳು. ಜೊತೆಗೆ ಅತ್ತೆ ಗಿರಿಜಕ್ಕ. ಅವರ ಬಾಯಿಗೆ ಬಿಡುವಿಲ್ಲ.

"ನಮಗೆಲ್ಲ ಈ ಥೈರಾಯ್ಡ್ ಗೀರಾಯ್ಡ್ ಎಂತದೂ ಇರಲಿಲ್ಲ ಮಾರಾಯ್ತಿ. ಐದು ಹೆತ್ತೆ, ಒಂದು ಸೂಜಿ ಕಂಡವಳಲ್ಲ."

"ನೀವು ಸೂಜಿ ಕಂಡ್ರೆ ಓಡ್ತಿದ್ರಿ ಮಾಮಿ, ಹಾಗೆ ಕಾಣ್ಲಿಲ್ಲ" ಎಂದು ವಿನಯಾ ತೋಳು ಚಾಚುತ್ತ ಹೇಳುತ್ತಿದ್ದಳು. ಗಿರಿಜಕ್ಕ ಗೋಡೆ ಕಡೆ ತಿರುಗಿ ನಿಲ್ಲುತ್ತಿದ್ದರು. ಸೂಜಿ ನೋಡಲು ಅವರಿಗೆ ನಿಜವಾಗಿಯೂ ಹೆದರಿಕೆ.

ಟಿಎಸ್‌ಎಚ್ ಸಲದಿಂದ ಸಲಕ್ಕೆ ಇಳಿಯುತ್ತಾ ಬಂತು. ಪ್ರವೀಣನ ರಜೆ ಹತ್ತಿರವಾಗುವ ಹೊತ್ತಿಗೆ ಎಲ್ಲ ಸರಿಯಾಗುತ್ತದೆ ಎಂದು ಮೂವರೂ ಲೆಕ್ಕ ಹಾಕಿದ್ದೆವು. ಆಗ ಒಂದು ರಿಪೋರ್ಟಿನಲ್ಲಿ ಟಿಎಸ್‌ಎಚ್ ಇದ್ದಕ್ಕಿದ್ದಂತೆ ತಳ ಸೇರಿತು, ಟಿ-ಫೋರ್ ಮೇಲೆ ಹಾರಿತು. ಮಾತ್ರೆ ಹೆಚ್ಚಾಯಿತೆಂದು ಡಾಕ್ಟರು ಕಡಿಮೆ ಮಾಡಿದರು. ಮುಂದಿನ ಸಲವೂ ಹಾಗೆಯೇ. ಮಾತ್ರೆಯನ್ನೇ ನಿಲ್ಲಿಸಿದರು. ಆಗಲೂ ಹಾಗೆಯೇ. ಕೊನೆಗೆ ರಿಸೆಪ್ಟರ್ ಆಂಟಿಬಾಡಿ ನೋಡಿದರೆ ಅದೂ ಇದೆ ಎಂದು ಬಂತು. ಕಡಿಮೆಯಿದ್ದ ಕಾಯಿಲೆ ಅಪರೂಪಕ್ಕೆ ತಿರುಗಿ ಹೆಚ್ಚಾಗುವುದುಂಟು, ಹಾಗಾಗಿರಬಹುದು ಎಂದು ಡಾಕ್ಟರು ಹೇಳಿದರು. ಹಾಗಿದ್ದರೆ ತದ್ವಿರುದ್ಧವಾದ ಮದ್ದು ಕೊಡಬೇಕು. ಮಗುವಿನ ಮಾತು ಒಂದೆರಡು ವರ್ಷ ಮುಂದೆ. ಆದರೆ ಅವರಿಗೂ ಏನೋ ಹೊಂದಿಕೆಯಾಗಿರಲಿಲ್ಲ. ಹೊಸ ಮದ್ದು ಶುರು ಮಾಡುವ ಮೊದಲು ಇನ್ನೊಮ್ಮೆ ಎಲ್ಲವನ್ನೂ ಪರೀಕ್ಷಿಸಿ ಎಂದು ಬರೆದು ಕೊಟ್ಟರು.

ಆ ಪರೀಕ್ಷೆಗೆ ಬಂದಾಗ ವಿನಯಾ ನಗಲಿಲ್ಲ. ಬಿಸಿಲಿನಲ್ಲಿ ಬಂದವಳು ಶಾಲು ಹೊದ್ದಿದ್ದಳು. ಕಣ್ಣಿನ ಕೆಳಗೆ ಊದಿತ್ತು. ಕೈ ಮುಟ್ಟಿದರೆ ಫ್ರಿಜ್ಜಿನಿಂದ ತೆಗೆದ ಹಾಗೆ.

ನಾನು ಎಂದಿನಂತೆ, "ಬೇರೆ ಮದ್ದು ಎಂತದಾದ್ರೂ ತೆಕ್ಕೊಳ್ತೀಯಾ?" ಎಂದು ಕೇಳಿದೆ.

"ಎಂತದೂ ಇಲ್ಲ ಅಕ್ಕ. ಇದ್ದ ಒಂದು ಮಾತ್ರೆಯನ್ನೂ ನಿಲ್ಲಿಸಿದ್ರಲ್ಲ."

"ಪ್ರವೀಣ ಬರುದು ಯಾವಾಗ?"

"ಬರುವ ವಾರ. ಟಿಕೆಟ್ ಆಗಿದೆ." ಶಾಲನ್ನು ಇನ್ನಷ್ಟು ಎಳೆದುಕೊಂಡು, "ಬಂದು ಎಂತ ಮಾಡುದು, ಅಲ್ವಾ?" ಎಂದಳು.

ನನಗೆ ಸಮಾಧಾನ ಹೇಳಲು ಬರುವುದಿಲ್ಲ. ಅವಳ ಬೆರಳುಗಳನ್ನು ಉಜ್ಜುತ್ತಾ ಕೂತೆ. ರಕ್ತ ತೆಗೆದ ಮೇಲೆ ಅವಳು ಚೀಲದಿಂದ ಒಂದು ಗುಲಾಬಿ ಡಬ್ಬಿ ತೆಗೆದು ನನ್ನ ಮೇಜಿನ ಮೇಲಿಟ್ಟಳು.

"ಅಕ್ಕ, ಇದು ನಿಮಗೆ. ಅವರು ಯಾರದೋ ಹತ್ತಿರ ಕಳಿಸಿದ್ದು. ಕೂದಲಿಗೆ ಒಳ್ಳೆದಂತೆ, ಜೆಲ್ಲಿ ಚಾಕಲೇಟ್ ಹಾಗೆ ಉಂಟು. ನಿಮ್ಮ ಕೂದಲೂ ತೆಳ್ಳಗಾಗಿದೆ."

ಗಲ್ಫಿನಿಂದ ಪಾರ್ಸೆಲು ಬಂದರೆ ಅಕ್ಕಪಕ್ಕಕ್ಕೆಲ್ಲ ಸ್ವಲ್ಪ ಸ್ವಲ್ಪ ಹಂಚುವುದು ನಮ್ಮ ಊರಿನ ಪದ್ಧತಿ. ಸಾಬೂನು, ಖರ್ಜೂರ, ಚಾಕಲೇಟು, ನೋವಿನ ಮುಲಾಮು. ಬೇಡ ಎಂದರೆ ಬೇಸರವಾಗುತ್ತದೆ. ನಾನು ನಾಚಿಕೊಂಡು ತಲೆಯ ಮೇಲೆ ಸೆರಗು ಎಳೆದುಕೊಂಡು ತೆಗೆದುಕೊಂಡೆ.

ಮಧ್ಯಾಹ್ನ ರಿಪೋರ್ಟು ಬಂತು. ಮತ್ತೆ ಅದೇ. ಲೀನಾ ಮೇಡಂ ಕಾಗದ ಹಿಡಿದು ನನ್ನ ಮೇಜಿನ ಬಳಿಗೇ ಬಂದರು.

"ಕೈ ಹೇಗಿತ್ತು?"

"ತಣ್ಣಗೆ ಮೇಡಂ. ಒಣಗಿದ್ದು. ನಡುಕ ಎಂತದೂ ಇಲ್ಲ. ಶಾಲು ಹೊದ್ದು ಬಂದಿದ್ದಳು."

"ಈ ನಂಬರಿಗೆ ಅವಳು ಫ್ಯಾನಿನ ಕೆಳಗಿಂದ ಏಳ್ಬಾರದು. ಮದ್ದು ಕೇಳಿದ್ರಾ?"

"ಕೇಳಿದೆ. ಇಲ್ಲ ಅಂದ್ಲು."

ಮೇಡಂ ತಲೆ ತುರಿಸುತ್ತಾ ನಿಂತರು. ಕಣ್ಣು ಡಬ್ಬಿಯ ಮೇಲೆ ಬಿತ್ತು. "ಇದೆಂತ ಸುಗಂಧಿ, ನೀವೂ ಚಾಕಲೇಟ್ ತಿನ್ಲಿಕ್ಕೆ ಶುರು ಮಾಡಿದ್ರಾ?" ಎಂದು ಎತ್ತಿಕೊಂಡು ತಿರುಗಿಸಿ, ಹಿಂದಿನ ಸಣ್ಣ ಅಕ್ಷರಗಳನ್ನು ಕಣ್ಣಿನ ಹತ್ತಿರ ಹಿಡಿದು ಓದಿದರು. ಅವರ ನಗು ನಿಂತಿತು. "ಇದು ಯಾರು ಕೊಟ್ಟದ್ದು?"

"ವಿನಯಾ."

"ಅವಳೂ ತಿಂತಾಳಾ?"

ನನಗೆ ಗೊತ್ತಿರಲಿಲ್ಲ. ಅಲ್ಲೇ ಫೋನ್ ಮಾಡಿದೆ. ಅವಳು ಇನ್ನೂ ಬಸ್ಸಿನಲ್ಲಿದ್ದಳು.

"ಹೌದು ಅಕ್ಕ, ಕೆಲವು ತಿಂಗಳಿಂದ ದಿನಾ ತಿಂತೇನೆ. ಬೆಳಿಗ್ಗೆ ಎರಡು. ಮತ್ತೆ ಬಾಯಿ ಸಪ್ಪೆ ಆದಾಗ ಒಂದೊಂದು. ಎಂತಕ್ಕೆ?"

"ಮದ್ದು ಎಂತದೂ ಇಲ್ಲ ಅಂದದ್ದಲ್ವಾ ನೀನು?"

"ಅದು ಮದ್ದಲ್ಲ ಅಕ್ಕ! ಪಾರ್ಸೆಲಲ್ಲಿ ಬಂದದ್ದು!"

ಆ ಮಾತು ಇವತ್ತಿಗೂ ನನ್ನ ಕಿವಿಯಲ್ಲಿದೆ. ಅವಳು ಸುಳ್ಳು ಹೇಳಿರಲಿಲ್ಲ. ನಮ್ಮ ಊರಿನಲ್ಲಿ ಮದ್ದು ಎಂದರೆ ಡಾಕ್ಟರು ಬರೆದು ಕೊಡುವುದು. ಪಾರ್ಸೆಲಿನಲ್ಲಿ ಬರುವುದು ಪ್ರೀತಿ. ಅವಳ ಡಾಕ್ಟರೂ ಮದ್ದಿನ ಬಗ್ಗೆಯೇ ಕೇಳಿದ್ದರು. ಅವರಿಗೂ ಇದೇ ಉತ್ತರ ಸಿಕ್ಕಿತ್ತು.

ಆ ಡಬ್ಬಿಯಲ್ಲಿದ್ದದ್ದು ಬಯೋಟಿನ್ ಎಂಬ ವಿಟಮಿನ್, ಅದೂ ಬಹಳ ಹೆಚ್ಚಿನ ಪ್ರಮಾಣದಲ್ಲಿ. ದೇಹಕ್ಕೆ ಅದರಿಂದ ದೊಡ್ಡ ತೊಂದರೆ ಇಲ್ಲ. ಆದರೆ ನಮ್ಮ ಯಂತ್ರದಂಥ ಕೆಲವು ಯಂತ್ರಗಳು ಪರೀಕ್ಷೆಯೊಳಗೆ ಅದೇ ಬಯೋಟಿನ್ನನ್ನು ಅಂಟಿನ ಹಾಗೆ ಬಳಸುತ್ತವೆ. ರಕ್ತದಲ್ಲೇ ಅದು ತುಂಬಿಕೊಂಡಿದ್ದರೆ ಅಂಟು ಹಿಡಿಯುವ ಜಾಗ ಮೊದಲೇ ಭರ್ತಿಯಾಗುತ್ತದೆ. ಆಗ ಟಿಎಸ್‌ಎಚ್ ಇಲ್ಲದಿದ್ದಂತೆ ಕಾಣುತ್ತದೆ. ಟಿ-ಫೋರ್ ಮತ್ತು ರಿಸೆಪ್ಟರ್ ಆಂಟಿಬಾಡಿ ಇದ್ದದ್ದಕ್ಕಿಂತ ಹೆಚ್ಚಾಗಿ ಕಾಣುತ್ತವೆ. ನನ್ನ ಬಸ್ಸಿನ ಲೆಕ್ಕದಲ್ಲಿ ಹೇಳುವುದಾದರೆ, ಬಸ್ಸು ನಿಂತೇಹೋಗಿತ್ತು, ಕಂಡಕ್ಟರ್ ಉಸಿರು ಕಟ್ಟಿ ಶಿಳ್ಳೆ ಹೊಡೆಯುತ್ತಿದ್ದ. ಯಂತ್ರದ ಕಿವಿಗೆ ಹತ್ತಿ ತುರುಕಿದ್ದರಿಂದ ಅದು ಕೇಳಿಸಲಿಲ್ಲ.

ಮೇಡಂ ಆ ದಿನದ ರಕ್ತವನ್ನು ಬೇರೆ ವಿಧಾನದ ಯಂತ್ರವಿರುವ ಲ್ಯಾಬಿಗೆ ಕಳುಹಿಸಿದರು. ಡಬ್ಬಿ ಮುಚ್ಚಿಟ್ಟು ಮೂರು ದಿನ ಬಿಟ್ಟು ಬರಲು ವಿನಯಾಳಿಗೆ ಹೇಳಿ, ನಮ್ಮಲ್ಲೂ ಮತ್ತೆ ನೋಡಿದೆವು. ಎರಡೂ ಕಡೆ ಒಂದೇ ಉತ್ತರ ಬಂತು. ಟಿಎಸ್‌ಎಚ್ ಅವಳು ಮೊದಲು ಬಂದಾಗ ಇದ್ದದ್ದಕ್ಕಿಂತಲೂ ಮೇಲೆ. ರಿಸೆಪ್ಟರ್ ಆಂಟಿಬಾಡಿ ಇಲ್ಲ. ಮೇಡಂ ಡಾಕ್ಟರಿಗೆ ಫೋನ್ ಮಾಡಿದಾಗ ನಾನು ಪಕ್ಕದಲ್ಲಿದ್ದೆ. ಆ ಕಡೆಯಿಂದ, "ನಾಳೆಯಿಂದ ಆ ಮದ್ದು ಕೊಡುವವನಿದ್ದೆ" ಎಂಬ ಮಾತು ಮಾತ್ರ ಕೇಳಿಸಿತು. ಅದೇ ದಿನ ಅವರು ಹಳೆಯ ಮಾತ್ರೆಯನ್ನು ಪುನಃ ಪೂರ್ತಿ ಶುರು ಮಾಡಿಸಿದರು.

ಕಾಯಿಲೆ ತಿರುಗಿರಲಿಲ್ಲ, ಅದು ಸಂತೋಷವೇ. ಆದರೆ ಮಾತ್ರೆ ನಿಂತಿದ್ದ ವಾರಗಳು ನಿಂತದ್ದೇ. ಮಾತ್ರೆ ಹಿಡಿದು ಟಿಎಸ್‌ಎಚ್ ಇಳಿಯಲು ಒಂದೂವರೆ ತಿಂಗಳಾದರೂ ಬೇಕು. ಅಷ್ಟರಲ್ಲಿ ಪ್ರವೀಣ ಬಂದು ಹೋಗಿ ಆಗಿರುತ್ತದೆ. ಮುಂದಿನ ರಜೆ ಮುಂದಿನ ವರ್ಷ.

ರಿಪೋರ್ಟು ತೆಗೆದುಕೊಳ್ಳಲು ಬಂದಿದ್ದ ಅತ್ತೆ ಸೊಸೆ ಲ್ಯಾಬಿನ ಬೆಂಚಿನಲ್ಲಿ ಕೂತಿದ್ದರು. ವಿನಯಾ ಕೆಳಗೆ ನೋಡುತ್ತಾ, "ಟಿಕೆಟ್ ಮುಂದೆ ಹಾಕ್ಲಿಕ್ಕೆ ಆಗ್ತದಾ ಅಂತ ಕೇಳ್ಬಹುದಿತ್ತು. ಮಾಮಿ ಒಪ್ಪುದಿಲ್ಲ" ಎಂದು ನನಗೆ ಮಾತ್ರ ಕೇಳುವಂತೆ ಹೇಳಿದಳು. ಗಿರಿಜಕ್ಕ ಮಗ ಬರುತ್ತಾನೆಂದು ಆಗಲೇ ಮನೆಯ ಗೋಡೆಗೆ ಸುಣ್ಣ ಬಳಿಸಿ, ಉಪ್ಪಿನಕಾಯಿ ಭರಣಿ ತೆಗೆದಿಟ್ಟಿದ್ದರು. ಬರುವಾಗಲೆಲ್ಲ ಅದನ್ನೇ ಹೇಳುತ್ತಿದ್ದರು.

ಗಿರಿಜಕ್ಕ ಕೇಳಿಸಿಕೊಂಡಿದ್ದರು. "ಎಂತ ನನ್ನ ಹೆಸರು? ಡಾಕ್ಟ್ರಮ್ಮ ಹೇಳಿದ್ದು ನನಗೂ ಅರ್ಥ ಆಗಿದೆ. ಫೋನ್ ಕೊಡು."

ವಿನಯಾ ಫೋನ್ ಕೊಟ್ಟಳು. ಮಗ ಎತ್ತಿದ ಕೂಡಲೇ ಗಿರಿಜಕ್ಕ, "ಮಗಾ, ಈಗ ನೀನು ಬರ್ಬೇಡ" ಎಂದರು. ಆ ಕಡೆ ಅವನು ಏನೋ ಗಾಬರಿಯಾಗಿ ಕೇಳಿದ. "ನನಗೆಂತದೂ ಆಗ್ಲಿಲ್ಲ. ಕಲ್ಲಿನ ಹಾಗೆ ಇದ್ದೇನೆ. ಎರಡು ತಿಂಗಳು ಬಿಟ್ಟು ಬಾ. ಯಾಕೆ ಅಂತ ಇವಳು ಹೇಳ್ತಾಳೆ. ಮತ್ತೆ ಆ ಕೂದಲಿನ ಚಾಕಲೇಟ್ ಇನ್ನು ಕಳಿಸ್ಬೇಡ ಮಾರಾಯ, ಖರ್ಜೂರ ಕಳಿಸು." ಫೋನನ್ನು ಸೊಸೆಯ ಕೈಗಿಟ್ಟು ಗೋಡೆ ಕಡೆ ತಿರುಗಿ ನಿಂತರು. ಆಗ ಅಲ್ಲಿ ಸೂಜಿ ಇರಲಿಲ್ಲ.

ಸ್ವಲ್ಪ ಹೊತ್ತಿನ ಮೇಲೆ ನನ್ನ ಹತ್ತಿರ ಬಗ್ಗಿ, "ನಾನೂ ನಾಲ್ಕು ತಿಂದಿದ್ದೇನೆ. ನನಗೂ ಥೈರಾಯ್ಡ್ ಬರ್ತದಾ?" ಎಂದು ಕೇಳಿದರು. ಬರುವುದಿಲ್ಲ, ಪರೀಕ್ಷೆ ಮಾತ್ರ ತಪ್ಪಬಹುದು ಎಂದೆ. "ನಾನು ಪರೀಕ್ಷೆ ಮಾಡಿಸಿದ್ರೆ ಅಲ್ವಾ!" ಎಂದು ನಕ್ಕರು.

ಅವತ್ತು ಲೀನಾ ಮೇಡಂ ನನ್ನನ್ನು ಒಳಗೆ ಕರೆದು, "ನಮ್ಮ ಪ್ರಶ್ನೆಯೇ ಸರಿ ಇಲ್ಲ ಸುಗಂಧಿ. ನಿಮ್ಮ ಊರಿನವರಿಗೆ ಅರ್ಥ ಆಗುವ ಹಾಗೆ ನೀವೇ ಒಂದು ಮಾಡಿ" ಎಂದರು. ನಾನು ಮಾಡಿದ್ದು ಇಷ್ಟು: "ದಿನಾ ಬಾಯಿಗೆ ಎಂತೆಲ್ಲ ಹೋಗ್ತದೆ? ಪಾರ್ಸೆಲಲ್ಲಿ ಎಂತ ಬಂತು?" ಅಪರಿಚಿತರನ್ನು ಹಾಗೆ ಕೇಳಲು ನನಗೆ ಮೊದಲ ವಾರ ಬೆವರು ಬರುತ್ತಿತ್ತು. ಉತ್ತರಗಳೋ ತರಹೇವಾರಿ. ಒಬ್ಬರು ಕಷಾಯ ಎಂದರು, ಒಬ್ಬರು ಉಗುರು ಮುರಿಯದ ಮಾತ್ರೆ ಎಂದರು, ಮೀನು ಮಾರುವ ಒಬ್ಬಾಕೆ "ಬಾಯಿಗೆ ಹೋಗುದು ಕಮ್ಮಿ ಅಕ್ಕ, ಬಾಯಿಂದ ಬರುದೇ ಜಾಸ್ತಿ" ಎಂದಳು. ಬಯೋಟಿನ್ ಇದ್ದವರನ್ನು ಅದನ್ನು ಬಿಟ್ಟು ಕೆಲವು ದಿನ ಕಳೆದು ಬನ್ನಿ ಎಂದು ವಾಪಸು ಕಳುಹಿಸುತ್ತಿದ್ದೆವು. ಎಷ್ಟು ದಿನ ಎಂಬುದು ತಿನ್ನುವ ಪ್ರಮಾಣದ ಮೇಲೆ. ಅದನ್ನು ನಿನ್ನ ಮೇಡಂ ಹತ್ತಿರ ಕೇಳು. ಥೈರಾಯ್ಡ್ ಮಾತ್ರೆಯನ್ನು ಮಾತ್ರ ಯಾರೂ ತಾವಾಗಿ ನಿಲ್ಲಿಸಬಾರದು. ಅದನ್ನು ಒತ್ತಿ ಹೇಳು.

ಪ್ರವೀಣ ಎರಡು ತಿಂಗಳು ಬಿಟ್ಟು ಬಂದ. ಆಗ ಟಿಎಸ್‌ಎಚ್ ಹದದಲ್ಲಿತ್ತು. ಗರ್ಭ ನಿಂತ ಮೇಲೂ ಅವಳು ಬರುತ್ತಲೇ ಇದ್ದಳು, ಏಕೆಂದರೆ ಆಗ ಮಾತ್ರೆಯ ಪ್ರಮಾಣ ಏರಿಸಬೇಕಾಗುತ್ತದೆ. ಮೂರನೆಯ ತಿಂಗಳು ದಾಟಿದ ದಿನ ನಾನು ಎಂದಿನಂತೆ ಅವಳ ತೋಳು ಹಿಡಿದೆ. ಕೈ ಬೆಚ್ಚಗಿತ್ತು.

ಮಗು ಹುಟ್ಟಿದ ಮೇಲೆ ಅದರ ಥೈರಾಯ್ಡ್ ನೋಡಲು ಹಿಮ್ಮಡಿಯಿಂದ ರಕ್ತ ತೆಗೆಯಬೇಕಿತ್ತು. ಆ ಸಣ್ಣ ನರ್ಸಿಂಗ್ ಹೋಮಿನಿಂದ ನಮ್ಮ ಲ್ಯಾಬಿಗೆ ಕರೆ ಬಂತು. ನಾನೇ ಹೋದೆ. ಹೆಣ್ಣು ಮಗು. ಗಿರಿಜಕ್ಕನ ಮಡಿಲಲ್ಲಿ ಮಲಗಿತ್ತು.

ನಾನು ಹಿಮ್ಮಡಿಯನ್ನು ಅಂಗೈಯಲ್ಲಿ ಹಿಡಿದು ಅಭ್ಯಾಸದಂತೆ, "ಬಾಯಿಗೆ ಎಂತ ಹೋಗಿದೆ?" ಎಂದು ಕೇಳಿದೆ.

"ಹಾಲು ಮಾತ್ರ ಅಕ್ಕ" ಎಂದಳು ವಿನಯಾ.

ಗಿರಿಜಕ್ಕ ಕಿಟಕಿ ನೋಡಿದರು. ನಾನು ಅವರನ್ನೇ ನೋಡುತ್ತಾ ಕಾದೆ.

"ಒಂಚೂರು ಜೇನು ಮುಟ್ಟಿಸಿದ್ದು. ನಾಲಗೆಗೆ. ಅದೂ ಪಾರ್ಸೆಲದ್ದಲ್ಲ, ನಮ್ಮ ತೋಟದ್ದು!"

"ಮಾಮೀ!" ಎಂದಳು ವಿನಯಾ.

ಜೇನಿನಲ್ಲಿರುವ ರೋಗಾಣು ಹಸುಳೆಗೆ ಅಪಾಯ, ಒಂದು ವರ್ಷ ತುಂಬುವ ತನಕ ಜೇನು ಬೇಡ ಎಂದು ನಾನು ಗಟ್ಟಿಯಾಗಿ ಹೇಳಿದೆ. ನನ್ನ ದನಿ ಅಷ್ಟು ಗಟ್ಟಿ ಇದೆಯೆಂದು ನನಗೇ ತಿಳಿದಿರಲಿಲ್ಲ. ಚುಚ್ಚಿದಾಗ ಮಗು ಕೋಣೆ ಹಾರಿಹೋಗುವ ಹಾಗೆ ಅತ್ತಿತು. ಗಿರಿಜಕ್ಕ ಈ ಸಲ ಗೋಡೆ ಕಡೆ ತಿರುಗಲಿಲ್ಲ. ಕಾಲನ್ನು ಹಿಡಿದುಕೊಂಡೇ ಕೂತರು. ಮಗುವಿನ ರಿಪೋರ್ಟು ಸರಿಯಾಗಿ ಬಂತು.

ನಿಶಾಂತ್, ನಿನ್ನ ಜಿಮ್ಮಿನ ಡಬ್ಬಿಗಳ ಹಿಂದಿನ ಸಣ್ಣ ಅಕ್ಷರಗಳನ್ನು ಒಮ್ಮೆ ಓದು. ನನ್ನ ಮಾತು ಇಷ್ಟೇ. ಶ್ರಾವ್ಯಾ, ಈ ಹಾಳೆಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ನಿನ್ನ ಕಪಾಟಿನಲ್ಲಿ ಇಡು. ಮಳೆಗಾಲದಲ್ಲಿ ಇಲ್ಲಿ ಕಾಗದ ಬೇಗ ಬೂಸಲು ಹಿಡಿಯುತ್ತದೆ. ಹೊಸ ಯಂತ್ರಗಳು ಬರುತ್ತವೆ, ನಾನು ಬರೆದದ್ದರಲ್ಲಿ ಅರ್ಧ ಹಳತಾಗುತ್ತದೆ, ಆದರೂ ಬಿಸಾಡಬೇಡ. ನೀನೂ ನನ್ನ ಹಾಗೆ ನಾಚಿಕೆಯವಳು. ಎದುರಿಗೆ ಕೂತವರನ್ನು ಇನ್ನೊಂದು ಮಾತು ಕೇಳಲು ಬಾಯಿ ಬಾರದ ದಿನ ಇದನ್ನು ತೆಗೆದು ಓದು.